ಅಕ್ಕನಿಗಾಗಿ ಇನ್ನೆರಡು ಪೋರ್ಟು

ವೈರಣ್ಣನ ಭಾವನ ಬಾಯಿಗೆ ಬೀಗ ಎಂಬುದೇ ಇರಲಿಲ್ಲ. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿ ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಹೇಳುವ ಕೆಲಸ. ಅಲ್ಲಿ ಮುಗಿಸಿ ಮನೆಗೆ ಬಂದರೆ ಇಲ್ಲಿ ಶುರು. ಹೆಂಡತಿಯ ತಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತಾನೆಂದು ಅವನಿಗೆ ವೈರಣ್ಣ ಎಂದು ಹೆಸರಿಟ್ಟವನೂ ಈ ಭಾವನೇ. ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಕೊನೆಕೊನೆಗೆ ಹೆತ್ತ ತಾಯಿಯೂ ಹಾಗೇ ಕೂಗುತ್ತಿದ್ದಳು.

ಆ ಭಾವನ ಗಂಟಲಲ್ಲೇ ಗಡ್ಡೆ ಬೆಳೆಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು, ತೆಗೆದರು. ಆಸ್ಪತ್ರೆಯಿಂದ ಬಂದವನ ಕತ್ತಿನಲ್ಲಿ ಉಸಿರಾಟಕ್ಕೊಂದು ತೂತು, ಕೈಯಲ್ಲೊಂದು ಸ್ಲೇಟು. ಹೇಳಬೇಕಾದ್ದನ್ನೆಲ್ಲ ಬರೆಯುತ್ತಿದ್ದ, ಅಕ್ಕ ಓದುತ್ತಿದ್ದಳು. ಜಗಳವೂ ಹಾಗೆಯೇ ನಡೆಯುತ್ತಿತ್ತು. "ಈಗ ಒಳ್ಳೇದಾಯ್ತು ಬಿಡಿ, ನಿಮ್ಮ ಕೋಪಾನ ಬಟ್ಟೇಲಿ ಒರೆಸಿಬಿಡಬಹುದು" ಎಂದು ಅವಳು ನಗುತ್ತಿದ್ದಳು.

ಎರಡು ವರ್ಷ ಹಾಗೆ ಕಳೆಯಿತು. ಆಮೇಲೆ ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತಿಂದುಹಾಕಿತು. ಭಾವ ಅವಳ ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿದ. ಅದೇ ಕಾಯಿಲೆ ಅವಳ ಕೈಗಳನ್ನೂ ಮರಗಟ್ಟಿಸಿತ್ತು. ಬೆರಳು ಓಡಾಡಿದ್ದು ತಿಳಿಯುತ್ತಿತ್ತೇ ಹೊರತು ಅಕ್ಷರ ತಿಳಿಯುತ್ತಿರಲಿಲ್ಲ. ಬರಬರುತ್ತ ಓಡಾಡಿದ್ದೂ ತಿಳಿಯದಾಯಿತು. ಒಬ್ಬರಿಗೆ ಮಾತಿಲ್ಲ, ಇನ್ನೊಬ್ಬರಿಗೆ ನೋಟವಿಲ್ಲ. ಒಂದೇ ಸೂರಿನಡಿ ಇದ್ದ ಇಬ್ಬರ ನಡುವೆ ಸಮುದ್ರ ಬಂದು ನಿಂತಂತಾಯಿತು.

ಬರೆದದ್ದನ್ನು ಓದಿ ಹೇಳುವ ಮೊಬೈಲೊಂದನ್ನು ವೈರಣ್ಣ ತಂದುಕೊಟ್ಟ. ಅಕ್ಕ ಒಂದು ನಿಮಿಷ ಕೇಳಿದಳು. "ತೆಗೆದುಕೊಂಡು ಹೋಗೋ ಇದನ್ನ. ನನ್ನ ಗಂಡನ ಪರವಾಗಿ ಯಾವಳೋ ಮಾತಾಡೋದು ನಂಗೆ ಬೇಡ."

ಒಂದು ಭಾನುವಾರ ಹಳೆಯ ಟೇಬಲ್ ಫ್ಯಾನು ಇಳಿಸಲೆಂದು ವೈರಣ್ಣ ಅಟ್ಟ ಹತ್ತಿದಾಗ, ಗೋಣಿಚೀಲದಡಿ ಎರಡು ಕಬ್ಬಿಣದ ಪೆಟ್ಟಿಗೆಗಳು ಕಂಡವು. ನಿಲ್ದಾಣದಲ್ಲಿ ಹಿಂದೆ ಭಾವ ಇಲ್ಲದ ಪಾಳಿಯಲ್ಲಿ ಘೋಷಣೆ ಹೇಳುತ್ತಿದ್ದ ಪೆಟ್ಟಿಗೆಗಳು. ಒಂದರೊಳಗೆ ಅಂಕಿಗಳು ಮತ್ತು ಊರುಗಳ ಹೆಸರು, ಇನ್ನೊಂದರೊಳಗೆ ಉಳಿದ ಮಾತುಗಳು. ಒಂದೊಂದು ಪದಕ್ಕೂ ಒಂದೊಂದು ಸಂಖ್ಯೆ, ಆ ಸಂಖ್ಯೆಯನ್ನು ತಂತಿಯಲ್ಲಿ ಕಳಿಸಿದರೆ ಪೆಟ್ಟಿಗೆ ಆ ಪದ ನುಡಿಯುತ್ತಿತ್ತು. ಹೊಸ ಯಂತ್ರ ಬಂದು ಇವು ಗುಜರಿಗೆ ಬಿದ್ದಾಗ ಭಾವ ಕೇಳಿ ತಂದಿದ್ದ.

"ಭಾವ, ಇದರಲ್ಲಿರೋದು ನಿಮ್ಮ ದನಿ ಅಲ್ವಾ?"

ಕೆಳಗೆ ಏಣಿ ಹಿಡಿದಿದ್ದ ಭಾವ ಮುಖ ಆಚೆ ತಿರುಗಿಸಿದ. ಹಾಗೇ ಹೌದೆಂದು ತಲೆಯಾಡಿಸಿದ.

ಮನೆಯಲ್ಲಿ ಕಂಪ್ಯೂಟರೂ ಇತ್ತು. ಕೀಲಿಮಣೆಯೊಳಗೇ ಎಲ್ಲವೂ ಅಡಗಿರುವ, ಟಿವಿಗೆ ಸಿಕ್ಕಿಸುವ ಹಳೇ ಕಾಲದ ಹೋಮ್ ಕಂಪ್ಯೂಟರು. ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ನಡೆಸುತ್ತಿದ್ದುದು ಅಂಥದೇ ಆದ್ದರಿಂದ ಅದರ ಪ್ರೋಗ್ರಾಮು ಬರೆಯುವುದು ಭಾವನಿಗೆ ನೀರು ಕುಡಿದಷ್ಟು ಸಲೀಸು. ತೊಡಕಿದ್ದದ್ದು ಬೇರೆ ಕಡೆ. ಪೆಟ್ಟಿಗೆ ಎರಡು, ಕಂಪ್ಯೂಟರಿನ ಬೆನ್ನಲ್ಲಿ ಪೆಟ್ಟಿಗೆಯ ತಂತಿ ಸಿಕ್ಕಿಸುವ ಸೀರಿಯಲ್ ಪೋರ್ಟು ಒಂದೇ. ಸಾಲದ್ದಕ್ಕೆ, ಅಕ್ಕ ಇದ್ದ ಕೋಣೆಯಲ್ಲೇ ಸ್ಪೀಕರು ಮಾತಾಡಬೇಕೆಂದರೆ ಒಂದೊಂದು ಕೋಣೆಗೂ ಒಂದೊಂದು ಸ್ವಿಚ್ಚಿನ ತಂತಿ ಬೇಕು. ಅದಕ್ಕೆ ಒಟ್ಟಿಗೆ ಎಂಟು ತಂತಿ ಹೊರಡುವ ಪ್ಯಾರಲಲ್ ಪೋರ್ಟೇ ಆಗಬೇಕು. ಅದಂತೂ ಈ ಯಂತ್ರದಲ್ಲಿರಲೇ ಇಲ್ಲ.

ಅಂಗಡಿಯಲ್ಲಿ ಸಿಗುವ ಮಾಲಲ್ಲ. ಈ ಎರಡು ಪೋರ್ಟುಗಳನ್ನು ಸೇರಿಸಿ ಕಂಪ್ಯೂಟರಿಗೆ ಸಿಕ್ಕಿಸುವ ಕಾರ್ಡೊಂದನ್ನು ವೈರಣ್ಣನೇ ಮಾಡಲು ಕೂತ. ಸತ್ತ ಮೋಡೆಮ್ಮುಗಳಿಂದ ಚಿಪ್ಪು ಕಿತ್ತ, ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಬೆಸುಗೆ ಹಾಕಿದ. ಭಾವ ಎದುರಿಗೆ ಕೂತು ಭೂತಕನ್ನಡಿ ಹಿಡಿದು, ಬೆಸುಗೆ ಕೆಟ್ಟ ಕಡೆ ಪೆನ್ಸಿಲಿನಿಂದ ಕುಟ್ಟಿ ತೋರಿಸುತ್ತಿದ್ದ. ಮೂರು ವಾರವಾಯಿತು. ಕೊನೆಗೆ ಕಾರ್ಡು ಸಿಕ್ಕಿಸಿದರೆ ಎರಡೂ ಪೆಟ್ಟಿಗೆ ಒಟ್ಟಿಗೇ ಗರಗರ ಎಂದವು. ಹೊಸ ಪೋರ್ಟಿಗೂ ಹಳೆಯದಕ್ಕೂ ಒಂದೇ ವಿಳಾಸ ಬಿದ್ದಿತ್ತು. ಒಂದೇ ನಂಬರಿನ ಎರಡು ಮನೆ ಇದ್ದರೆ ಅಂಚೆಯವನು ತಾನೇ ಏನು ಮಾಡಿಯಾನು? ವೈರಣ್ಣ ಕಾರ್ಡಿನ ಮೇಲಿನ ತಾಮ್ರದ ಒಂದು ಗೆರೆ ಕೆರೆದು ಕತ್ತರಿಸಿ, ಕೂದಲೆಳೆಯಂಥ ತಂತಿ ಹಾಕಿ ಹೊಸ ಪೋರ್ಟಿಗೆ ಬೇರೆ ವಿಳಾಸ ಕೊಟ್ಟ.

ಮರುದಿನ ಬೆಳಿಗ್ಗೆ ಅಕ್ಕ ಮಂಚದ ಮೇಲೆ ಕೂತಿದ್ದಳು. ಭಾವ ನಡುಮನೆಯಲ್ಲಿ ಕೀಲಿ ಒತ್ತಿದ. ಅವಳ ಹೆಸರು ಪೆಟ್ಟಿಗೆಯಲ್ಲಿರಲಿಲ್ಲ, ತವರೂರಿನ ಹೆಸರಿತ್ತು. ತುಂಬಿದ, ಒಂಚೂರು ಗತ್ತಿನ ಆ ಹಳೇ ದನಿ ಅವಳನ್ನು ಊರಿನ ಹೆಸರು ಹಿಡಿದು ಕರೆದು, "ದಯವಿಟ್ಟು ಗಮನಿಸಿ" ಎಂದಿತು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು, "ರೀ, ಇನ್ನೊಂದು ಸಲ" ಎಂದಳು.

ಅಲ್ಲಿಂದ ಆ ಮನೆ ನಿಲ್ದಾಣವೇ ಆಗಿಹೋಯಿತು. ಮಂಚ ಒಂದನೇ ಪ್ಲಾಟ್‌ಫಾರ್ಮು, ಅಡುಗೆಮನೆ ಎರಡನೆಯದು. ಎರಡರಿಂದ ಒಂದಕ್ಕೆ ಹತ್ತು ನಿಮಿಷ ತಡವಾಗಿ ಬರಲಿದೆ ಎಂದರೆ ಕಾಫಿ ಎಂದರ್ಥ. ಮಾತ್ರೆ ಕೊಡುವುದು ಮರೆತರೆ "ಅಡಚಣೆಗಾಗಿ ವಿಷಾದಿಸುತ್ತೇವೆ." ಅಕ್ಕ ತಮ್ಮನೊಂದಿಗೆ ಹೇಳಿದಳು: "ಮೂವತ್ತು ವರ್ಷದಲ್ಲಿ ಒಂದು ಸಲ ತಪ್ಪಾಯ್ತು ಅಂದ ಬಾಯಲ್ಲ ಅದು. ಈಗ ನೋಡು, ದಿನಕ್ಕೆ ಹತ್ತು ಸಲ." ಮಧ್ಯಾಹ್ನ ಊಟವಾದ ಮೇಲೆ, ಮದುವೆಯಾಗಿ ರೈಲಿನಲ್ಲಿ ಬಂದ ದಾರಿಯನ್ನು ಹೇಳಿಸುತ್ತಿದ್ದಳು. ತವರೂರಿನಿಂದ ಈ ಊರಿನ ತನಕ ಇಪ್ಪತ್ತೆರಡು ನಿಲ್ದಾಣ. ಭಾವ ಒಂದೊಂದನ್ನೇ ಒತ್ತುವನು, ಅವಳು ಆಯಾ ನಿಲ್ದಾಣದಲ್ಲಿ ಏನು ಕಂಡಿದ್ದಳೆಂದು ಹೇಳುವಳು.

ಏಳು ತಿಂಗಳು ಕಳೆಯಿತು. ಆಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು.

ಆಸ್ಪತ್ರೆಯಲ್ಲಿ ಮೊದಲ ಮೂರು ದಿನ ಭಾವ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಆದರೆ ಅವನು ಇದ್ದಾನೆಂದು ಅವಳಿಗೆ ತಿಳಿಯುವುದಾದರೂ ಹೇಗೆ? ಕೈ ಹಿಡಿದರೆ ಗೊತ್ತಾಗುತ್ತಿರಲಿಲ್ಲ. "ಅವರು ಎಲ್ಲೋ?" ಎಂದು ಗಳಿಗೆಗೊಮ್ಮೆ ಕೇಳುವಳು. "ಇಲ್ಲೇ ಇದ್ದಾರೆ ಅಕ್ಕ" ಎಂದರೆ, "ಸುಮ್ನೆ ಸಮಾಧಾನ ಹೇಳಬೇಡ" ಎನ್ನುವಳು.

ಟಿವಿ, ಕಂಪ್ಯೂಟರು, ಎರಡು ಪೆಟ್ಟಿಗೆ, ಮಾರುದ್ದ ತಂತಿಗಳನ್ನು ವಾರ್ಡಿಗೆ ತರುವಂತಿರಲಿಲ್ಲ. ಮೊಬೈಲಿನಲ್ಲಿ ಆ ದನಿಯನ್ನು ಹಿಡಿದು ತರುತ್ತೇನೆಂದ ವೈರಣ್ಣ. ಅಕ್ಕ ತಲೆ ಅಲ್ಲಾಡಿಸಿದಳು. "ಟೇಪು ಬೇಡ ಕಣೋ. ನಾನು ಕೇಳಿದ್ದಕ್ಕೆ ಉತ್ತರ ಕೊಡಬೇಕು ಅವರು."

ಉಪಾಯ ಹೊಳೆದದ್ದು ವೈರಣ್ಣನಿಗೇ. ಜೀವಮಾನವೆಲ್ಲ ಟೆಲಿಫೋನ್ ತಂತಿ ಜೋಡಿಸಿದವನಿಗೆ ಇನ್ನೇನು ಹೊಳೆದೀತು? "ಭಾವ, ನೀವು ಮನೆಗೆ ಹೋಗಿ. ಫೋನನ್ನ ಸ್ಪೀಕರಿನ ಮುಂದೆ ಇಟ್ಟುಕೊಳ್ಳಿ. ನಾನು ಇಲ್ಲಿಂದ ಅಕ್ಕನ ಕಿವಿಗೆ ಹಿಡೀತೀನಿ."

ಭಾವ ಅವಳ ಮುಖ ನೋಡುತ್ತ ನಿಂತ. ಆಮೇಲೆ ಸ್ಲೇಟನ್ನು ಬಗಲಿಗಿಟ್ಟುಕೊಂಡು ಹೊರಟುಹೋದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕರೆ ಸಿಕ್ಕಿತು. ಊರಿನ ಹೆಸರು ಹಿಡಿದು ಕರೆಯುವ ದನಿ ಕಿವಿಗೆ ಬಿದ್ದದ್ದೇ ಅಕ್ಕನ ಹುಬ್ಬಿನ ಗಂಟು ಸಡಿಲವಾಯಿತು.

"ಯಾವಾಗ ಬರ್ತೀರಿ?"

"ಕೆಲವೇ ನಿಮಿಷಗಳಲ್ಲಿ ಬರಲಿದೆ."

ಅವಳ ತುಟಿಯಲ್ಲಿ ನಗೆಯಂಥದೊಂದು ಮೂಡಿತು. "ಅಲ್ಲೀತನಕ ದಾರಿ ಹೇಳ್ತಿರಿ. ನಮ್ಮೂರಿಂದ ಶುರು ಮಾಡಿ."

ಭಾವ ಶುರು ಮಾಡಿದ. ನಾಲ್ಕನೇ ನಿಲ್ದಾಣಕ್ಕೆ ಅವಳು "ಹ್ಞೂಂ" ಎಂದಳು. ಆರನೆಯದಕ್ಕೆ ಉಸಿರು ದೂರದೂರವಾಯಿತು. ಎಂಟನೆಯ ಊರಿನ ಹೆಸರು ಬಂದಾಗ ವೈರಣ್ಣ ಅವಳ ಎದೆಯನ್ನೇ ನೋಡುತ್ತಿದ್ದ. ಅದು ಮತ್ತೆ ಏಳಲಿಲ್ಲ. ನರ್ಸ್ ಬಂದಳು, ಡಾಕ್ಟರು ಬಂದು ಕಣ್ಣು ಬಿಡಿಸಿ ನೋಡಿ ಗಡಿಯಾರದತ್ತ ತಿರುಗಿದರು. ವೈರಣ್ಣ ಫೋನನ್ನು ಅವಳ ಕಿವಿಯಿಂದ ತೆಗೆಯಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ನಡುದಾರಿಯಲ್ಲಿ ಹೇಗೆ ನಿಲ್ಲಿಸುವುದು? ಆ ದನಿ ಒಂದಿಷ್ಟೂ ನಡುಗದೆ ಒಂದೊಂದು ಊರನ್ನೂ ದಾಟಿಸಿ, ಇಪ್ಪತ್ತೆರಡನೆಯದಕ್ಕೆ ತಂದು ಇಳಿಸಿತು.

ಆಗ ವೈರಣ್ಣ ಫೋನನ್ನು ತನ್ನ ಬಾಯಿಗೆ ತಂದುಕೊಂಡ. "ಭಾವ, ಅಕ್ಕ ಹೋಗಿಬಿಟ್ಟಳು."

ಆ ಕಡೆಯಿಂದ ಕತ್ತಿನ ತೂತಿನಲ್ಲಿ ಗಾಳಿ ಹೋಗಿ ಬರುವ ಸದ್ದಷ್ಟೇ ಕೇಳುತ್ತಿತ್ತು.

ಒಂದು ವಾರದ ಮೇಲೆ ಇಬ್ಬರೂ ಊಟದ ಮೇಜಿನ ಎದುರುಬದುರು ಕೂತಿದ್ದಾಗ ಭಾವ ಸ್ಲೇಟು ದೂಡಿದ. 'ನಾನು ಹೇಳಿ ಮುಗಿಸೋ ತನಕ ಇದ್ದಳಾ?'

"ಇದ್ದಳು ಭಾವ. ಎಲ್ಲಾ ಕೇಳಿಸಿಕೊಂಡಳು."

ಭಾವ ಎದ್ದು ಹೋಗಿ ಆಸ್ಪತ್ರೆಯ ಚೀಟಿ ತಂದಿಟ್ಟ. ಅದರಲ್ಲಿ ನಾಲ್ಕು ಗಂಟೆ ಎರಡು ನಿಮಿಷ ಎಂದಿತ್ತು. ಪಕ್ಕದಲ್ಲಿ ತನ್ನ ನೋಟುಬುಕ್ಕಿಟ್ಟ. ಹಳೇ ಅಭ್ಯಾಸ, ಪ್ರತಿ ಘೋಷಣೆಯ ಹೊತ್ತನ್ನೂ ಬರೆದಿಡುತ್ತಿದ್ದ. ಕೊನೆಯ ಸಾಲಿನಲ್ಲಿ ನಾಲ್ಕು ಹದಿನೈದು. ಸ್ಲೇಟಿನ ಮೇಲೆ ಬರೆದ: 'ರೈಲ್ವೆಯವನಿಗೆ ಟೈಮು ಹೇಳಬೇಡ.'

ವೈರಣ್ಣನಿಗೆ ತಡೆಯಲಾಗಲಿಲ್ಲ. "ನಿಮ್ಮನ್ನ ಮನೆಗೆ ಕಳಿಸಿದ್ದೇ ತಪ್ಪು ಭಾವ. ಆ ಕಾರ್ಡು ನಾನು ಮಾಡದೇ ಇದ್ದಿದ್ರೆ ನೀವು ಅವಳ ಪಕ್ಕದಲ್ಲಿರ್ತಿದ್ರಿ."

ಭಾವ ಸ್ಲೇಟು ಒರೆಸಿ ನಿಧಾನವಾಗಿ ಬರೆದ. 'ಪಕ್ಕದಲ್ಲಿದ್ದಿದ್ದರೆ ನಾನಿದ್ದೀನಿ ಅಂತ ಅವಳಿಗೆ ಗೊತ್ತಾಗ್ತಿರಲಿಲ್ಲ.' ವೈರಣ್ಣ ಓದಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿತು. 'ನನಗೆ ಗೊತ್ತಾಗ್ತಿತ್ತು.'

ಆ ತಿಂಗಳ ಕೊನೆಗೆ ವೈರಣ್ಣ ತನ್ನ ಬಾಡಿಗೆ ಕೋಣೆ ಖಾಲಿ ಮಾಡಿ ಭಾವನ ಮನೆಗೇ ಬಂದ. ಭಾವ ಬರೆದದ್ದನ್ನು ಓದುವುದಕ್ಕೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು.