ಭಾಂಡೆಗೆ ಕೊಟ್ಟ ಕೌದಿ

ಫೋನಿನಲ್ಲಿ ಅತ್ತೆ ಶಿವವ್ವ ಎಲ್ಲ ಸುದ್ದಿ ಹೇಳಿ ಕೊನೆಗೆ ಅಂದದ್ದು ಇಷ್ಟೇ: ಅಟ್ಟದ ಮೇಲೆ ಹಸಿರು ಗಂಟಿನಲ್ಲಿರುವ ಕೌದಿಯನ್ನು ನಾಳೆ ಮುಂಜಾನೆ ಗೋಕಾಕದ ಆಸ್ಪತ್ರೆಗೆ ತಗೊಂಡು ಬಾ. ಶೈಲಾ ಹೂನ್ರಿ ಅಂದಳು. ಫೋನ್ ಇಟ್ಟ ಮೇಲೆ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತಳು. ಅಟ್ಟದ ಮೇಲೆ ಹಸಿರು ಗಂಟೂ ಇರಲಿಲ್ಲ, ಕೆಂಪು ಗಂಟೂ ಇರಲಿಲ್ಲ. ಅಟ್ಟ ಬಳಿದಿಟ್ಟಂತೆ ಖಾಲಿಯಾಗಿತ್ತು. ಅದಕ್ಕಾಗಿ ಹೋದ ವಾರವಷ್ಟೇ ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಮನೆ ಖಾಲಿ ಮಾಡುವ ಈ ಹುಚ್ಚು ಅವಳಿಗೆ ಹಿಡಿದದ್ದು ಮೊಬೈಲಿನಿಂದ. ಅದರೊಳಗೊಬ್ಬ ಹೆಣ್ಣುಮಗಳು, ಧೂಳು ಅಂದರೇನೆಂದೇ ಗೊತ್ತಿಲ್ಲದ ಬಿಳಿ ಮನೆಯಲ್ಲಿ ಕೂತು, ವರ್ಷಗಟ್ಟಲೆ ಮುಟ್ಟದ ಸಾಮಾನು ಮನೆಗೂ ಭಾರ, ಮನಸ್ಸಿಗೂ ಭಾರ ಎಂದು ದಿನಾ ಉಪದೇಶ ಮಾಡುತ್ತಿದ್ದಳು. ಅವಳಿಗೇನು, ಹೇಳಿ ಹೋಗುತ್ತಾಳೆ! ಸಂಕೇಶ್ವರದ ಈ ಮನೆಯಲ್ಲಿ ಶಿವವ್ವ ಮುಚ್ಚಳ ಕಳೆದ ಡಬ್ಬಿಯನ್ನೂ ಹೊರಗೆ ಹಾಕಗೊಡುವವಳಲ್ಲ. ಮಗಳು ಭಾಗ್ಯಾಳ ಹೆರಿಗೆಗೆಂದು ಆಕೆ ಮೂಡಲಗಿಗೆ ಹೋದದ್ದೇ ತಡ, ಶೈಲಾ ಸೆರಗು ಸಿಕ್ಕಿಸಿದಳು. ಒಡಕು ಬುಟ್ಟಿ, ತೂತುಬಿದ್ದ ಜರಡಿ, ಕಾಲು ಅಲುಗುವ ಮಣೆ ಎಲ್ಲ ಹೋದವು. ಕುರ್ಚಿ ಬಿಟ್ಟು ಎದ್ದರೆ ಕುರ್ಚಿ ಹೋಗುತ್ತದೆ, ಕೂತೇ ಇದ್ದರೆ ನಾನೇ ಹೋಗುತ್ತೇನೆ ಎಂದು ಗಂಡ ಸೋಮಶೇಖರ ಚಾಷ್ಟಿ ಮಾಡಿದ.

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ-ಭಾಂಡೆ ಕೊಡುವ ಅಲ್ಲವ್ವ ಓಣಿಯಲ್ಲಿ ಕೂಗುತ್ತ ಬಂದಾಗ, ಶೈಲಾ ಹಸಿರು ಗಂಟನ್ನು ಬಿಚ್ಚಿ ಕೂಡ ನೋಡದೆ ಎಳೆದು ಹಾಕಿದಳು. ಗಂಟಿನಿಂದ ಇಣುಕಿದ್ದ ಕೌದಿಯ ಅಂಚು ಮಾಸಿತ್ತು, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಬದಲಿಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಬಂತು. ಮನೆ ಖಾಲಿ ಮಾಡುತ್ತೇನೆಂದು ಹೊರಟು ಹೊಸ ಡಬ್ಬಿ ತಂದಿಟ್ಟುಕೊಂಡ ಜಾಣೆ ಇವಳೊಬ್ಬಳೇ ಇರಬೇಕು.

ಆ ಕೌದಿ ಯಾವುದೆಂದು ಅವಳಿಗೆ ಗೊತ್ತೇ ಇರಲಿಲ್ಲ ಅನ್ನುವಂತೆಯೂ ಇಲ್ಲ. ಹೇಳಿದ್ದರು, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಶಿವವ್ವನ ಅತ್ತೆ ತೀರಿಕೊಂಡಾಗ ಆಕೆಯ ಸೀರೆಗಳನ್ನು ಹರಿದು ಹೊಲಿದ ಕೌದಿ ಅದು. ಸೋಮಶೇಖರನನ್ನೂ ಭಾಗ್ಯಾಳನ್ನೂ ಹುಟ್ಟಿದಾಗ ಮಲಗಿಸಿದ್ದು ಅದರ ಮೇಲೆ. ಶೈಲಾಳ ಮಗ ಹುಟ್ಟಿ ಮೊದಲ ತಿಂಗಳುಗಳನ್ನು ಕಳೆದದ್ದು ಅವಳ ತವರು ಕಣಗಲಾದಲ್ಲಿ, ಹಾಗಾಗಿ ಅವನಿಗೆ ಅದು ಬೇಕಾಗಿರಲಿಲ್ಲ. ಭಾಗ್ಯಾಳ ಹಿಂದಿನ ಎರಡು ಕೂಸುಗಳು ಮಾತ್ರ ದಿನ ತುಂಬುವ ಮೊದಲೇ ಮೂಡಲಗಿಯಲ್ಲಿ ಹುಟ್ಟಿ, ಕೌದಿ ತಲುಪುವುದರೊಳಗೆ ಹೋಗಿಬಿಟ್ಟಿದ್ದವು. ಕೌದಿ ಬಂದಿದ್ದರೆ ಉಳಿಯುತ್ತಿದ್ದವು ಎಂದು ಭಾಗ್ಯಾ ಗಟ್ಟಿಯಾಗಿ ನಂಬಿಕೊಂಡಿದ್ದಳು. ಈ ಸಲವೂ ಕೂಸು ಬೇಗ ಹುಟ್ಟಿತು, ಗೋಕಾಕದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾಳೆ ಹೊರಗೆ ತೆಗೆದು ತಾಯಿಗೆ ಕೊಡುತ್ತಾರಂತೆ. ಹುಟ್ಟುವ ಮೊದಲೇ ಕೂಸಿನ ಹಾಸಿಗೆ ಒಯ್ಯಬಾರದೆಂದು ಶಿವವ್ವ ಕೌದಿಯನ್ನು ಬಿಟ್ಟು ಹೋಗಿದ್ದಳು. ಅದು ಬರುವ ತನಕ ಕೂಸನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ ಎಂದು ಭಾಗ್ಯಾ ಹಟ ಹಿಡಿದು ಕೂತಿದ್ದಳು.

ಶೈಲಾ ತಡಮಾಡಲಿಲ್ಲ. ಮಗನನ್ನು ಬಾಜೂ ಮನೆಯಲ್ಲಿ ಬಿಟ್ಟು, ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದಳು. ಅಲ್ಲವ್ವನ ಮನೆ ಅಲ್ಲಿಯೇ ಎಂದು ಓಣಿಯವರು ಹೇಳಿದ್ದರು. ಬಸ್ಸು ಒಂದೊಂದು ಫಾಟಾದಲ್ಲೂ, ದಾರಿ ಕವಲೊಡೆಯುವಲ್ಲೆಲ್ಲ, ನಿಂತು ಮಂದಿಯನ್ನು ಹತ್ತಿಸಿಕೊಳ್ಳುವಾಗ ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ತಲೆಯ ಮೇಲೆ ಗಂಟು ಹೊತ್ತ ಹೆಂಗಸು ಯಾರೇ ಕಂಡರೂ ಅದೇ ಹಸಿರು ಗಂಟು ಅನ್ನಿಸುತ್ತಿತ್ತು. ಆ ಕೂಸಿಗೆ ಏನಾದರೂ ಆದರೆ? ಜನ್ಮ ಇರುವ ತನಕ ಭಾಗ್ಯಾ ತನ್ನ ಮುಖ ನೋಡುವುದಿಲ್ಲ. ಅವಳು ನೋಡಿದರೂ ತಾನು ಅವಳ ಮುಖ ನೋಡುವುದು ಹೇಗೆ?

ಅಲ್ಲವ್ವ ಅಂಗಳದಲ್ಲಿ ಬಟ್ಟೆಗಳನ್ನು ಬೇರೆ ಬೇರೆ ಮಾಡುತ್ತ ಕೂತಿದ್ದಳು. ಶೈಲಾಳ ಮಾತು ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ.

“ಕೌದಿ ಹಂಗ ಇಡೂದಿಲ್ರಿ ಅಕ್ಕಾರ. ಅವತ್ತ ಬಿಚ್ಚಿ ಗ್ಯಾರೇಜಿನವ್ರಿಗೆ ಒರಸಾಕ ಕೊಟ್ಟೇನಿ.”

ಶೈಲಾ ಹೊಸ್ತಿಲ ಮೇಲೆಯೇ ಕುಸಿದು ಅತ್ತುಬಿಟ್ಟಳು. ಸೀರೆಯುಟ್ಟ ಮುದುಕಿಯೊಬ್ಬಳನ್ನು ತಾನೇ ಎಳೆದೊಯ್ದು ಗ್ಯಾರೇಜಿನಲ್ಲಿ ಬಿಟ್ಟು ಬಂದಂತೆ ಅನ್ನಿಸಿತು ಅವಳಿಗೆ. ಅಲ್ಲವ್ವ ನೀರು ಕೊಟ್ಟಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಕೌದಿ ತಂದು ಮುಂದಿಟ್ಟಳು. ನಿಡಸೋಸಿ ಕಡೆಯ ಯಾರೋ ನಿನ್ನೆಯಷ್ಟೇ ನಿಮ್ಮ ಹಾಗೆಯೇ ಕೊಟ್ಟದ್ದು, ಇನ್ನೂ ಬಿಚ್ಚಿಲ್ಲ, ಬೇಕಾದರೆ ಒಯ್ಯಿರಿ ಎಂದಳು. ಅದೂ ಹಳೆಯದೇ, ಆದರೆ ಒಗೆದದ್ದು. ಶೈಲಾ ಡಬ್ಬಿ ಕೊಟ್ಟಳು. ಅಲ್ಲವ್ವ ಅದನ್ನು ಬಡಿದು ನೋಡಿ ಇಟ್ಟುಕೊಂಡಳು.

ರಾತ್ರಿ ಮನೆಯಲ್ಲಿ ಗಂಡ, ಖರೆ ಏನಿದೆಯೋ ಹೇಳಿಬಿಡು ಎಂದ. ಹೇಳುವುದು ಅವನಿಗೆ ಸುಲಭ, ಬಾಣಂತಿಯ ಎದುರು ನಿಲ್ಲುವವಳು ಶೈಲಾ. ಅವಳು ತನ್ನದೇ ಹಸಿರು ಸೀರೆಯಲ್ಲಿ ಕೌದಿಯನ್ನು ಗಂಟು ಕಟ್ಟಿ ಮರುದಿನ ಗೋಕಾಕಕ್ಕೆ ಹೋದಳು. ಭಾಗ್ಯಾ ಆ ಕೌದಿಯನ್ನು ಗಂಟಿನೊಳಗೇ ಕಂಡವಳು, ಅವಳಿಗೆ ಗೊತ್ತಾಗಲಾರದು. ಆದರೆ ಹೊಲಿದವಳು ಅತ್ತೆ.

ಶಿವವ್ವ ಗಂಟಿನೊಳಗೆ ಕೈ ಹಾಕಿದಳು. ಕೈ ಅಲ್ಲಿಯೇ ನಿಂತಿತು. ತಲೆಯೆತ್ತಿ ಸೊಸೆಯನ್ನು ನೋಡಿದಳು.

“ಅವ್ವಾ, ಅದ ಕೌದಿ ಹೌದಲ್ಲ?” ಮಂಚದ ಮೇಲಿಂದ ಭಾಗ್ಯಾ ಕೇಳಿದಳು.

“ಹೌದ. ನಿನ್ನ ಮಲಗಿಸಿದ್ದ ಇದರ ಮ್ಯಾಲ,” ಎಂದಳು ಶಿವವ್ವ. ಒಂದು ಮೂಲೆ ಬಿಚ್ಚಿದೆ, ಹೊಲಿದು ತರುತ್ತೇನೆ ಎಂದು ಗಂಟನ್ನೆತ್ತಿಕೊಂಡು ಪಡಸಾಲೆಗೆ ನಡೆದಳು. ಶೈಲಾ ಹಿಂದೆಯೇ ಹೋಗಿ, ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು, ಗ್ಯಾರೇಜಿನ ಮಾತನ್ನೂ ಬಿಡದೆ. ಶಿವವ್ವ ಕೌದಿಯನ್ನು ತೊಡೆಯ ಮೇಲೆ ಹರಡಿ ಅದರ ಹೊಲಿಗೆಯ ಮೇಲೆ ಕೈಯಾಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅನ್ನಿಸಿತು ಶೈಲಾಗೆ.

“ನಮ್ಮತ್ತಿ ಸೀರಿ ಅವು,” ಎಂದಷ್ಟೇ ಅಂದಳು ಮುದುಕಿ. ಕಣ್ಣೊರೆಸಿಕೊಂಡು, ಹೊಸ ಮೊಮ್ಮಗನ ತಲೆಗೆ ಕುಂಚಿಗೆ ಹೊಲಿಯಲು ತಂದಿದ್ದ ಸೂಜಿ-ದಾರ ತೆಗೆದು, ಕೌದಿಯ ಒಂದು ಮೂಲೆಯನ್ನು ಬಿಚ್ಚತೊಡಗಿದಳು. ಬರಿಹೊಟ್ಟೆಯ ಕೌದಿಯ ಮೇಲೆ ಕೂಸನ್ನು ಮಲಗಿಸುವುದಿಲ್ಲ; ಹೊಲಿದು ಮುಗಿಸುವಾಗ ಮೂಲೆಯಲ್ಲಿ ಚೂರು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಇಟ್ಟು ಅದರ ಹೊಟ್ಟೆ ತುಂಬಿಸುತ್ತಾರೆ. ಬುತ್ತಿಯಿಂದ ರೊಟ್ಟಿ ಮುರಿದುಕೊಂಡು ಒಳಗೆ ಬೆರಳು ಹಾಕಿದವಳು ತಟ್ಟನೆ ಕೈ ನಿಲ್ಲಿಸಿದಳು. ಬೆರಳಿಗೆ ಒಣಗಿದ ಜೋಳದ ಕಾಳು ಹತ್ತಿಕೊಂಡು ಬಂದವು.

“ಯಾರೋ ತುಂಬ್ಯಾರ,” ಎಂದು ಆ ಕಾಳುಗಳನ್ನು ಅಂಗೈಯಲ್ಲಿಟ್ಟು ನೋಡಿದಳು. ಎಲ್ಲಿಯದೋ ಮನೆ, ಯಾವ ಕೂಸಿಗೋ. ಅವನ್ನು ತಿರುಗಿ ಒಳಗಿಟ್ಟು, ಪಕ್ಕದಲ್ಲಿ ತನ್ನ ರೊಟ್ಟಿಯ ಚೂರನ್ನೂ ಇಟ್ಟು ಹೊಲಿದಳು.

“ಇವತ್ತಿನಿಂದ ಇದ ಆ ಕೌದಿ. ನಾ ಸತ್ತ ಮ್ಯಾಲ ಭಾಗ್ಯಾ ಕೇಳಿದರ ಏನಂತಿ?”

“ಇದ ಆ ಕೌದಿ ಅಂತೇನ್ರಿ ಅತ್ತಿ.”

ಇಬ್ಬರೂ ಒಳಗೆ ಬಂದ ಮೇಲೆ ನರ್ಸಮ್ಮ ಕೂಸನ್ನು ತಂದಳು. ಅಂಗೈಯಷ್ಟು ಮುಖ, ಮುಚ್ಚಿದ ಮುಷ್ಟಿ. ಶಿವವ್ವ ಕೌದಿಯನ್ನು ಮಡಚಿ ಹಾಸಿ, ಮೇಲೊಂದು ಮೆತ್ತನೆಯ ಬಟ್ಟೆ ಹೊದಿಸಿ, ಅದರ ಮೇಲೆ ಕೂಸನ್ನು ಮಲಗಿಸಿದಳು. ಭಾಗ್ಯಾ ಮೊದಲ ಸಲ ಬೆರಳು ಚಾಚಿ ಅದರ ಕಾಲನ್ನು ಮುಟ್ಟಿದಳು. ಆಮೇಲೆ ಬಳಿಯಲ್ಲೇ ನಿಂತಿದ್ದ ಶೈಲಾಳ ಕೈ ಹಿಡಿದುಕೊಂಡಳು.

“ವೈನಿ, ಇಷ್ಟ ವರ್ಷ ನೀವು ಜ್ವಾಪಾನ ಇಟ್ಟಿದ್ದಕ್ಕ ಇವತ್ತ ಸಿಕ್ಕಿತ್ರಿ.”

ಶೈಲಾ ಅತ್ತೆಯ ಕಡೆ ನೋಡಿದಳು. ಶಿವವ್ವ ತಲೆಯೆತ್ತದೆ ಕೌದಿಯ ಅಂಚನ್ನು ಸರಿಮಾಡುತ್ತಿದ್ದಳು.