ಗಂಟೆ ಹೊಡೆದ ಮೇಲೆ ಎರಡು ಏಟು

ತಂಗಿಯ ಎಡಗೈ ಮೂಗಿಗೆ ಬಂದು ಬಡಿದಾಗ ಅಕ್ಕನಿಗೆ ಮೊದಲು ಆದದ್ದು ನೋವಲ್ಲ, ಸಮಾಧಾನ. ಮೊದಲ ಸುತ್ತಿನುದ್ದಕ್ಕೂ ಈ ಹುಡುಗಿ ಗಾಜಿನ ಲೋಟ ತೊಳೆಯುವವಳ ಹಾಗೆ ಮೆಲ್ಲಗೆ ಕೈಯಾಡಿಸಿದ್ದಳು. ಎರಡನೆಯ ಸುತ್ತಿಗೆ ಸದ್ಯ ರಕ್ತ ಬಂತು.

"ಹಾಗೆ ಹೊಡಿ," ಅಂದಳು ಅಕ್ಕ, ತುಟಿ ನೆಕ್ಕಿಕೊಂಡು. "ನಾನೇನು ಈಗ ರೋಗಿಯಲ್ಲ."

ಹದಿನಾಲ್ಕು ತಿಂಗಳ ಹಿಂದೆ ರೋಗಿಯೇ ಆಗಿದ್ದಳು, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಗಂಟಲಿನ ಥೈರಾಯ್ಡ್ ಗ್ರಂಥಿ ಅಂಕೆ ತಪ್ಪಿತ್ತು. ಇಬ್ಬರ ಊಟ ಒಬ್ಬಳೇ ಉಂಡರೂ ತೂಕ ಇಳಿಯುತ್ತಿತ್ತು. ಸುಮ್ಮನೆ ಕೂತಾಗಲೂ ಎದೆ ನಿಮಿಷಕ್ಕೆ ನೂರ ಮೂವತ್ತು ಸಲ ಬಡಿಯುತ್ತಿತ್ತು. ನಡುಗುವ ಕೈಯಲ್ಲಿ ಟೀ ಲೋಟ ನಿಲ್ಲುತ್ತಿರಲಿಲ್ಲ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಆ ದಿನಗಳಲ್ಲೇ ಒಂದು ಸಂಜೆ, ಇದೇ ಬಾಕ್ಸಿಂಗ್ ರಿಂಗ್‌ನಲ್ಲಿ, ಸುತ್ತು ಮುಗಿದ ಗಂಟೆ ಹೊಡೆದ ಮೇಲೆ, ಕೈ ಇಳಿಸಿ ನಿಂತಿದ್ದ ತಂಗಿಗೆ ಎರಡು ಏಟು ಕೊಟ್ಟಳು. ದವಡೆ ಎರಡು ಕಡೆ ಮುರಿಯಿತು. ಹಲ್ಲಿಗೆ ತಂತಿ ಬಿಗಿಸಿಕೊಂಡು ಆ ಹುಡುಗಿ ಆರು ವಾರ ಕೊಳವೆಯಲ್ಲಿ ಊಟ ಹೀರಿದಳು.

ಮುಂದಿನ ವಾರ ಅಕ್ಕನ ರಕ್ತಪರೀಕ್ಷೆಯ ವರದಿ ಬಂದಾಗ ಮನೆಮಂದಿಯೆಲ್ಲ ನಿಟ್ಟುಸಿರು ಬಿಟ್ಟರು. ತಪ್ಪನ್ನೆಲ್ಲ ಹೊರಿಸಲು ಬೆರಳುದ್ದದ ಒಂದು ಗ್ರಂಥಿ ಸಿಕ್ಕಿತ್ತು. "ಎದೆ ಅಷ್ಟು ಜೋರಾಗಿ ಬಡ್ಕೊಳ್ವಾಗ ಪಾಪ, ಗಂಟೆ ಎಲ್ಲಿ ಕೇಳಿಸುತ್ತೆ?" ಅಂದರು ಇಬ್ಬರಿಗೂ ಬಾಕ್ಸಿಂಗ್ ಕಲಿಸುವ ಮಾಸ್ತರು. ಅಕ್ಕ ಹೌದೆಂದು ತಲೆಯಾಡಿಸಿದಳು.

ಆಮೇಲೆ ಮಾತ್ರೆ, ತಿಂಗಳಿಗೊಂದು ಪರೀಕ್ಷೆ. ತೊಡೆಯ ಕಸುವು ಎಷ್ಟು ಕರಗಿತ್ತೆಂದರೆ ಮನೆಯ ಹದಿನಾರು ಮೆಟ್ಟಿಲು ಹತ್ತಲು ತಂಗಿಯ ಭುಜವೇ ಬೇಕಿತ್ತು. ಒಬ್ಬಳೇ ಮೂರು ಮೆಟ್ಟಿಲು ಹತ್ತಿದ ದಿನ ಅತ್ತಳು. ಬರಬರುತ್ತ ಹದಿನಾರನ್ನೂ ಹತ್ತಿದಳು, ನಡೆದಳು, ಓಡಿದಳು, ಸ್ಕಿಪ್ಪಿಂಗ್ ಹಗ್ಗ ಹಿಡಿದಳು. ಇವತ್ತು ಬೆಳಿಗ್ಗೆ ನಾಡಿ ಎಪ್ಪತ್ತೆರಡು. ಮಾಸ್ತರ ಮುಂದೆ ಮೂರು ಸುತ್ತು ನೆಟ್ಟಗೆ ಆಡಿ ತೋರಿಸಿದರೆ ಮತ್ತೆ ತಂಡಕ್ಕೆ ಸೇರಬಹುದು. ಅವಳೆದುರು ನಿಲ್ಲಲು ಮಾತ್ರ ಬೇರೆ ಯಾವ ಹುಡುಗಿಯೂ ಒಪ್ಪಲಿಲ್ಲ.

"ನಾನು ನಿಲ್ತೀನಿ," ಅಂದವಳು ತಂಗಿ.

ಈಗ ಅವಳ ಬಲಗೈ ಅಕ್ಕನ ಪಕ್ಕೆಗೆ ಇಳಿಯಿತು, ಹಿಂದೆಯೇ ಎಡಗೈ ಮತ್ತೆ ಅದೇ ಮೂಗಿಗೆ. ಹಗ್ಗದಾಚೆ ಯಾರೋ ಕಿಸಕ್ಕೆಂದರು. ಅಕ್ಕನ ಹೊಟ್ಟೆಯೊಳಗಿನಿಂದ ಅದು ಎದ್ದು ಬಂತು. ಹಳೆಯದೇ, ಗುರುತಿನದೇ. ಗ್ರಂಥಿ ಸುಮ್ಮನಿತ್ತು, ಮಾತ್ರೆ ರಕ್ತದಲ್ಲಿತ್ತು, ಆದರೂ ಸಿಟ್ಟು ನೆತ್ತಿಗೇರಿತು. ತಂಗಿಯನ್ನು ಮೂಲೆಗೆ ಒತ್ತಿ ಹೊಟ್ಟೆಗೆ, ಕಿವಿಗೆ, ಮತ್ತೆ ಹೊಟ್ಟೆಗೆ ಬಾರಿಸಿದಳು. ಹುಡುಗಿ ಬಾಗಿದಳು. ದವಡೆ ಬಯಲಾಯಿತು. ಅಕ್ಕ ಬಲಗೈ ಎತ್ತಿದಳು.

ಗಂಟೆ ಹೊಡೆಯಿತು.

ಮುಷ್ಟಿ ದವಡೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಿಲ್ಲಿಸಲು ಆಗುತ್ತಿತ್ತು. ಅವತ್ತೂ ಆಗುತ್ತಿತ್ತು.

ಮೂಲೆಯಲ್ಲಿ ನೀರಿನ ಬಾಟಲಿಗೆ ತಂಗಿ ಕೈ ಚಾಚಿದಾಗ ಅಕ್ಕ ಹೇಳಿಬಿಟ್ಟಳು. "ಅವತ್ತು ಗಂಟೆ ಕೇಳಿಸಿತ್ತು ಕಣೇ ನನಗೆ."

ತಂಗಿ ಬಾಯಿ ಮುಕ್ಕಳಿಸಿ ಬಕೆಟ್ಟಿಗೆ ಉಗಿದಳು. "ಗೊತ್ತು. ಹೊಡೆಯೋ ಮುಂಚೆ ನೀನು ಗಂಟೆ ಕಡೆ ನೋಡಿದ್ದೆ."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಮೆಟ್ಟಿಲು ಹತ್ತೋಕೂ ನನ್ನ ಭುಜ ಹಿಡ್ಕೊಳ್ತಿದ್ದೆಯಲ್ಲಕ್ಕ. ಆಗ ಏನಂತ ಹೇಳಲಿ?" ಮಾತಾಡುವಾಗ ಅವಳ ದವಡೆ ಒಂದು ಕಡೆ ಕಟಕ್ಕೆಂದಿತು. "ಈಗ ಒಬ್ಬಳೇ ಹತ್ತುತ್ತೀಯ."

ಹಲ್ಲು ಕಾಯುವ ರಬ್ಬರ್ ಕವಚ ಕಚ್ಚಿಕೊಂಡು ತಂಗಿ ಎದ್ದಳು.

ಮೂರನೆಯ ಸುತ್ತಿನಲ್ಲಿ ಹಗ್ಗದಾಚೆ ಯಾರೂ ನಗಲಿಲ್ಲ. ತಂಗಿ ಹೊಡೆದಳು. ಅಕ್ಕನೂ ಬಿಟ್ಟುಕೊಡಲಿಲ್ಲ, ಹುಡುಗಿಯ ಹುಬ್ಬು ಒಡೆಯಿತು. ಮರುಗಳಿಗೆಯಲ್ಲಿ ಪಕ್ಕೆಗೆ ಬಿದ್ದ ಏಟಿಗೆ ಅಕ್ಕನ ಉಸಿರು ಕಟ್ಟಿ, ಒಂದು ಮಂಡಿ ನೆಲಕ್ಕೆ ತಾಗಿತು. ಮಾಸ್ತರು ಹತ್ತರವರೆಗಿನ ಲೆಕ್ಕ ಎಣಿಸತೊಡಗಿದರು. ಏಳು ಅನ್ನುವಾಗ ಅವಳು ಹಗ್ಗ ಹಿಡಿಯದೆ ಎದ್ದಳು. ತೊಡೆ ಉರಿಯಿತು, ಸೋಲಲಿಲ್ಲ.

ಗಂಟೆ ಹೊಡೆಯಿತು. ಅಕ್ಕ ಕೈ ಇಳಿಸಿದಳು.

ತಂಗಿ ಇಳಿಸಲಿಲ್ಲ. ಅವಳ ಕಣ್ಣು ಒಮ್ಮೆ ಗಂಟೆಯ ಕಡೆ ಹೋಗಿ ಬಂದದ್ದನ್ನು ಅಕ್ಕ ನೋಡಿದಳು, ಆದರೂ ಕೈ ಎತ್ತಲಿಲ್ಲ. ಮೊದಲ ಏಟಿಗೆ ಅವಳ ಬಾಯೊಳಗಿನ ರಬ್ಬರ್ ಹಾರಿಹೋಯಿತು. ಎರಡನೆಯದಕ್ಕೆ ಹಗ್ಗಕ್ಕೆ ಒರಗಿದಳು, ಬೀಳಲಿಲ್ಲ.

ಮಾಸ್ತರು ಓಡಿ ಬಂದು ತಂಗಿಯ ತೋಳು ಹಿಡಿದೆಳೆದರು. "ಗಂಟೆ ಕೇಳಿಸಲಿಲ್ವೇನೇ ನಿನಗೆ?"

"ಕೇಳಿಸ್ತು ಸರ್," ಅಂದಳು ತಂಗಿ.

ತೋಳು ಬಿಡಿಸಿಕೊಂಡು ಬಂದು ಅಕ್ಕನ ಮುಂದೆ ಎರಡೂ ಕೈ ಚಾಚಿ ನಿಂತಳು. ಅಕ್ಕ ತನ್ನ ಗ್ಲೌಸಿನ ಲೇಸನ್ನು ಹಲ್ಲಿನಿಂದ ಎಳೆದು ಬಿಚ್ಚಿ, ಗ್ಲೌಸನ್ನು ಕೆಡವಿದಳು. ತಂಗಿಯ ಲೇಸು ಬೆವರಿಗೆ ನೆನೆದು ಬಿಗಿದಿತ್ತು. ಗಂಟಿನ ಮೇಲೆ ಅಕ್ಕನ ಮೂಗಿನ ರಕ್ತ ತೊಟ್ಟಿಕ್ಕಿತು. ಅವಳ ಬೆರಳು ನಡುಗಲಿಲ್ಲ. ಉಗುರು ತೂರಿಸಿ, ಎಳೆ ಎಳೆಯಾಗಿ, ಗಂಟು ಬಿಚ್ಚತೊಡಗಿದಳು.