ಬೀರನ ಹೆಸರಲ್ಲಿ ಹಿಡಿದ ಸಾಲು

ಹಣ್ಣು ಕುಯ್ಯುವ ದೊಡ್ಡಿಯ ಹಟದ ವಿಷಯದಲ್ಲಿ ಎಸ್ಟೇಟಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದು ಭಕ್ತಿಯೋ ತಲೆ ಕೆಟ್ಟಿದ್ದೋ ಎಂಬುದರಲ್ಲಿ ಮಾತ್ರ ಎರಡು ಪಕ್ಷವಿತ್ತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದು, ಮಡಿಕೇರಿಯಲ್ಲೇ ಸರ್ಕಾರ ಕೂತಿದ್ದ ಕಾಲ ಅದು. ಸಿದ್ದಾಪುರದಿಂದ ಮೂರು ಮೈಲಿ ಒಳಗಿದ್ದ ಆ ಕಾಫಿ ಎಸ್ಟೇಟಿನಲ್ಲಿ ಹಳೆಯ ಗೋದಾಮೊಂದನ್ನು ಚರ್ಚು ಮಾಡಿಕೊಂಡಿದ್ದರು. ಸಿಲ್ವರ್ ಮರದ ಹಲಗೆಯ ಬೆಂಚುಗಳು, ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಪ್ರತಿ ಭಾನುವಾರ ಆರಾಧನೆಗೆ ಮುಂಚೆ ದೊಡ್ಡಿ ಯಾರ ಮುಖವನ್ನೂ ನೋಡದೆ ಗಂಡಸರ ಕಡೆಗೆ ದಾಟಿ, ಮೂರನೇ ಬೆಂಚಿನ ತುದಿಯಲ್ಲಿ ಗೇಣುದ್ದದ ಕಾಫಿ ಟೊಂಗೆಯೊಂದನ್ನು ಇಟ್ಟು ಬರುತ್ತಿದ್ದಳು. ಆಮೇಲೆ ಆ ಜಾಗದಲ್ಲಿ ಯಾರೂ ಕೂರುವಂತಿಲ್ಲ. ಹದಿನೇಳು ವರ್ಷ ಯಾರೂ ಕೂತಿರಲಿಲ್ಲ.

ತೋಟದವರಿಗೆ ಟೊಂಗೆಯ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಣ್ಣು ಕುಯ್ಯುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮಗುವಿಗೆ ಹಾಲೂಡಿಸಲೋ ನೀರು ಕುಡಿಯಲೋ ಹೋಗುವವಳು ಸಾಲಿನ ಮೊದಲ ಗಿಡಕ್ಕೆ ಒಂದು ಟೊಂಗೆ ಸಿಕ್ಕಿಸಿದರೆ ಸಾಲು ಹಿಡಿದ ಹಾಗೆ. ಎಷ್ಟೇ ಹಣ್ಣು ತೂಗುತ್ತಿರಲಿ, ಇನ್ನೊಬ್ಬರು ಅದಕ್ಕೆ ಕೈ ಹಾಕರು. ಬರದೇ ಇದ್ದವರ ಪರವಾಗಿಯೂ ಹಿಡಿಯಬಹುದು. ಆದರೆ ಯಾರ ಹೆಸರಲ್ಲಿ ಹಿಡಿದರೋ ಅವರು ಬಂದು ಮುಗಿಸಲೇಬೇಕು. ಹಿಡಿದ ಸಾಲು ಬಿಟ್ಟವರನ್ನು ಕೂಲಿಯಾಳುಗಳ ಲೈನ್ ಮನೆಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

ದೊಡ್ಡಿ ಹಿಡಿದದ್ದು ಗಂಡ ಬೀರನ ಹೆಸರಲ್ಲಿ.

ಬೀರ ಕೆಟ್ಟವನಲ್ಲ. ಮರಗಸಿಯಲ್ಲಿ, ಅಂದರೆ ಕಾಫಿಗೆ ಬೆಳಕು ಬಿಡಲು ನೆರಳುಮರ ಸವರುವುದರಲ್ಲಿ, ಅವನನ್ನು ಮೀರಿಸುವವರಿರಲಿಲ್ಲ. ಭಾನುವಾರ ಮಾತ್ರ ಗೆಳೆಯ ಕೆಂಪಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಸಂತೆಗೆ ಹೋದರೆ, ವಾಪಸು ಬರುವಾಗ ಇಬ್ಬರಿಗೂ ರಸ್ತೆಯ ಅಗಲ ಸಾಲುತ್ತಿರಲಿಲ್ಲ. ದೊಡ್ಡಿ ದೀಕ್ಷಾಸ್ನಾನ ಪಡೆದು ರೆಬೆಕ್ಕಳಾದ ದಿನ (ಆ ಹೆಸರು ಚರ್ಚಿನ ಬಾಗಿಲು ದಾಟಲೇ ಇಲ್ಲ, ಎಲ್ಲರಿಗೂ ಅವಳು ದೊಡ್ಡಿಯೇ) ಬೀರ ಖಡಾಖಂಡಿತವಾಗಿ ಹೇಳಿದ್ದ: "ನೀ ಹೋಗು, ಬೇಡ ಅನ್ನಲ್ಲ. ನನ್ನ ಮಾತ್ರ ಕರೀಬೇಡ. ಒಂದು ಸಲ ಕರೆದ್ರೂ ಈ ಎಸ್ಟೇಟೇ ಬಿಟ್ಟು ಹೋಗ್ತೀನಿ."

"ಕರೆಯಲ್ಲ," ಅಂದಳು ದೊಡ್ಡಿ. ಕರೆಯಲೂ ಇಲ್ಲ. ಗಂಡನನ್ನು ಕರೆಯಬಾರದು ಸರಿ, ದೇವರನ್ನು ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಕೇಳಿದಳು, ಟೊಂಗೆ ಇಟ್ಟಳು, ಬಾಗಿಲ ಮೇಲೆ ಒಂದು ಕಣ್ಣಿಟ್ಟು ಕಾದಳು. ಚರ್ಚು ನಡೆಸುತ್ತಿದ್ದ ಉಪದೇಶಿ ಗುರುವಪ್ಪ ಪ್ರಸಂಗ ನಿಲ್ಲಿಸಿ, "ದೊಡ್ಡಿ, ಈ ಕಡೆ ನೋಡು," ಎಂದು ಗದರಿದ್ದೂ ಉಂಟು.

"ಕಿವಿ ನಿಮ್ಮ ಕಡೆಗೇ ಇದೆ ಅಯ್ಯ," ಅನ್ನುತ್ತಿದ್ದಳು.

ಆ ವರ್ಷ ಈಸ್ಟರ್ ಹಬ್ಬಕ್ಕೆ ಮಡಿಕೇರಿಯಿಂದ ಪಾದ್ರಿಗಳು ಬರುವುದು ನಿಶ್ಚಯವಾಯಿತು. ಸುತ್ತಿನ ನಾಲ್ಕು ಎಸ್ಟೇಟಿನವರೂ ಬರುವವರಿದ್ದರು. ಹಬ್ಬಕ್ಕೆ ಹತ್ತು ದಿನವಿರುವಾಗ ಗುರುವಪ್ಪ ದೊಡ್ಡಿಯನ್ನು ಕರೆಸಿದ.

"ಟೊಂಗೆ ಕೂರಿಸಿ ಮನುಷ್ಯರನ್ನ ಹೊರಗೆ ನಿಲ್ಲಿಸೋಕಾಗಲ್ಲ ದೊಡ್ಡಿ. ಹಬ್ಬದ ದಿವಸ ಗಂಟೆ ಹೊಡೆಯೋವರೆಗೆ ಇಟ್ಕೋ. ಅಷ್ಟರಲ್ಲಿ ಅವನು ಬರದಿದ್ರೆ ಜಾಗ ಬೇರೆಯವರಿಗೆ. ಆಮೇಲಿಂದ ಟೊಂಗೆ ತರಬೇಡ."

ಆ ಒಂದು ಮೊಳ ಹಲಗೆ ಹೋದರೆ ಬೀರನಿಗಾಗಿ ಕಾಯಲು ಈ ಲೋಕದಲ್ಲಿ ತನಗೆ ಬೇರೆ ಜಾಗವೇ ಇಲ್ಲವೆಂದು ದೊಡ್ಡಿಗೆ ಅನ್ನಿಸಿತು. ತೋಟಕ್ಕೆ ವಾಪಸು ಬರುವಾಗ ಕಣ್ಣೀರು ತಡೆಯಲಾಗಲಿಲ್ಲ.

ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ದೇರಪ್ಪ ಅದನ್ನು ಕಂಡ. ಅವನು ಚರ್ಚಿನವನಲ್ಲ, ಆದರೆ ದೊಡ್ಡಿಯ ಮೇಲೆ ಮರುಕವಿದ್ದವನು. "ಅಷ್ಟೇ ತಾನೆ? ಹಬ್ಬದ ದಿನ ಚರ್ಚಿಗೆ ಹೋಗದಿದ್ರೆ ಸೋಮವಾರ ಕೆಲಸ ಇಲ್ಲ ಅಂತ ಬೀರನಿಗೆ ಹೇಳ್ತೀನಿ. ಬಾಲ ಮುದುರಿಕೊಂಡು ಬರ್ತಾನೆ, ನೋಡು."

ದೊಡ್ಡಿಯ ಮನಸ್ಸು ಒಂದು ಗಳಿಗೆ ಕುಣಿಯಿತು. ಹೂಂ ಅಂದರೆ ಮುಗಿಯಿತು, ಹದಿನೇಳು ವರ್ಷದ ಕಾಯುವಿಕೆಗೆ ಕೊನೆ. ಅವಳು ಪಕ್ಕದ ಗಿಡದ ಕಡೆ ನೋಡಿದಳು. ಆ ಸಲ ಕಾಫಿ ಮೊಗ್ಗು ಅರಳಿಸುವ ಮೊದಲ ಹೂಮಳೆ ಮೋಸ ಮಾಡಿತ್ತು. ನಾಲ್ಕು ಹನಿ ಉದುರಿಸಿ ಹೋದ ಮಳೆಗೆ ಮೇಲಿನ ಬ್ಲಾಕಿನ ಮೊಗ್ಗುಗಳು ಅರೆಬರೆ ಬಿರಿದು ಕಂದಿಹೋಗಿದ್ದವು.

"ಬೇಡ ರೈಟರಯ್ಯ," ಅಂದಳು. "ಅರ್ಧ ಮಳೆಗೆ ಬಿರಿದ ಮೊಗ್ಗು ಏನಾಯ್ತು ಅಂತ ನೀವೇ ನೋಡಿದ್ದೀರಿ. ಅವನು ಬೆಂಚಿನ ಮೇಲೆ ಕೂತ್ರೆ ಸಾಲದು ನಂಗೆ, ಅವನಾಗಿ ಬರಬೇಕು. ನನ್ನ ದೇವರಿಗೆ ಇನ್ನೂ ಹತ್ತು ದಿನ ಟೈಮುಂಟು."

ದೇರಪ್ಪ ತಲೆ ಕೊಡವಿಕೊಂಡು ಹೋದ. ಮಾರನೆಯ ಮಧ್ಯಾಹ್ನ ಗುಡುಗಿ, ಸಿಡಿದು, ಎರಡು ಗಂಟೆ ಬಿಡದೆ ಮಳೆ ಹೊಡೆಯಿತು. ಮಳೆಯ ಜೊತೆ ಬಂದ ಗಾಳಿಗೆ ಚರ್ಚಿನ ಪಕ್ಕದ ಹಲಸಿನ ಕೊಂಬೆಯೊಂದು ಸೀಳಿ ಹೆಂಚಿನ ಮೇಲೆ ಜೋತು ಬಿತ್ತು.

ಅಂಥ ಕೊಂಬೆ ಇಳಿಸುವ ಧೈರ್ಯ ಬೀರನೊಬ್ಬನಿಗೇ ಇದ್ದದ್ದು. ಹಬ್ಬದ ಹಿಂದಿನ ದಿನ ಗುರುವಪ್ಪನೇ ಲೈನ್ ಮನೆಗೆ ಬಂದು, "ಒಳಗೆ ಬಾ ಅನ್ನಲ್ಲಪ್ಪ, ಮೇಲೆ ಹತ್ತಿದ್ರೆ ಸಾಕು," ಎಂದು ಕೈ ಮುಗಿದ. ಬೀರ ನಗುತ್ತ ಕತ್ತಿ ಸಿಕ್ಕಿಸಿಕೊಂಡು ಹೊರಟ.

ಮಧ್ಯಾಹ್ನ ವಾಪಸು ಬಂದವನ ಮುಖದಲ್ಲಿ ನಗುವಿರಲಿಲ್ಲ. ಊಟಕ್ಕೂ ಕೂರಲಿಲ್ಲ. ಏನಾಯಿತೆಂದು ದೊಡ್ಡಿ ಕೇಳಿದರೆ, "ಏನೂ ಇಲ್ಲ," ಅಂದು ಕತ್ತಿ ಮಸೆಯುತ್ತ ಕೂತ. ಭಾನುವಾರ ಅವಳು ಎದ್ದಾಗ ಚಾಪೆ ಖಾಲಿ. ಇಂಥ ಹಬ್ಬದ ದಿನವೂ ಬೆಳಗ್ಗೆಯೇ ಸಂತೆಗೆ ಹೋದನಲ್ಲ ಎಂದು ಅವಳ ಜೀವ ಸೋತುಹೋಯಿತು.

ಆದರೂ ಹೊರಟಳು. ಮಳೆ ಬಿದ್ದ ಒಂಬತ್ತನೆಯ ದಿನ, ಇಡೀ ತೋಟ ಆ ಬೆಳಗ್ಗೆ ಹೂವಾಗಿತ್ತು. ಬೆಳ್ಳಗೆ, ಸಾಲಿಗೆ ಸಾಲು, ಗುಡ್ಡ ಏರಿ ಇಳಿಯುವವರೆಗೂ. ಘಮಕ್ಕೆ ತಲೆ ತಿರುಗುವ ಹಾಗಿತ್ತು. ಬೀರ ಕಡಿದು ಕೆಡವಿದ ಹಲಸಿನ ಕೊಂಬೆ ಕಾಫಿ ಗಿಡವೊಂದರ ಮೇಲೆ ಬಿದ್ದು ಹೂವಿನ ಟೊಂಗೆ ಮುರಿದಿತ್ತು. ದೊಡ್ಡಿ ಅದನ್ನೇ ಎತ್ತಿಕೊಂಡಳು. ಕೊನೆಯ ಸಲ ಇಡುವುದಾದರೆ ಹೂ ಸಮೇತ ಇಡೋಣ ಅಂದುಕೊಂಡಳು. "ಗಂಟೆ ಹೊಡೆಯೋವರೆಗೂ ನಿನ್ನದೇ ಟೈಮು, ದೇವರೇ," ಎಂದು ಗಟ್ಟಿಯಾಗಿಯೇ ಹೇಳಿದಳು.

ಚರ್ಚು ಕಿಕ್ಕಿರಿದಿತ್ತು. ಗಂಡಸರ ಕಡೆಗೆ ದಾಟಿದವಳು ಹಾಗೇ ನಿಂತಳು. ಮೂರನೇ ಬೆಂಚಿನ ತುದಿಯಲ್ಲಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಯಾರೋ ಬೆನ್ನು ಹಾಕಿ ಕೂತಿದ್ದರು. ಗಂಟೆ ಇನ್ನೂ ಹೊಡೆದಿರಲಿಲ್ಲ. ದೊಡ್ಡಿಗೆ ರೇಗಿಹೋಯಿತು.

"ಏಳಿ ಅಯ್ಯ, ಇದು ಹಿಡಿದ ಸಾಲು."

"ಯಾರ ಸಾಲು?" ಆತ ತಿರುಗದೆಯೇ ಕೇಳಿದ.

"ನನ್ನ ಗಂಡಂದು."

"ಅವನೇ ಕಣೇ ಕೂತಿರೋದು," ಎಂದು ಬೀರ ತಿರುಗಿದ.

ಬೆಂಚಿನ ಹಲಗೆ ಸವರುತ್ತ ಹೇಳಿದ: "ಹೆಂಚು ಎಲ್ಲಿ ಒಡೆದಿದೆ ಅಂತ ನೋಡೋಕೆ ನಿನ್ನೆ ಒಳಗೆ ಬಂದೆ. ಬೆಂಚೆಲ್ಲ ಕೂತೂ ಕೂತೂ ಮಿಂಚ್ತಾ ಇದೆ. ಇಷ್ಟು ಜಾಗ ಮಾತ್ರ ಹೊಸ ಹಲಗೆ ಥರ ಒರಟು, ಮೇಲೊಂದು ಒಣಗಿದ ಟೊಂಗೆ. ಯಾರ ಸಾಲು ಇದು ಅಂದೆ. ನಿಂದೇ, ಗೊತ್ತಿಲ್ವಾ ಅಂದ್ರು ಗುರುವಪ್ಪಯ್ಯ. ಎಲ್ರೂ ನಂಗೆ ಗೊತ್ತು ಅಂತಾನೇ ತಿಳ್ಕೊಂಡಿದ್ರಂತೆ. ನೀನಾದ್ರೂ ಯಾಕೆ ಹೇಳ್ಲಿಲ್ಲ?"

"ಕರೀಬೇಡ ಅಂದಿದ್ಯಲ್ಲ."

"ಹಿಡಿದ ಸಾಲು ನಾ ಯಾವತ್ತಾದ್ರೂ ಬಿಟ್ಟಿದ್ದೀನಾ?" ಬೀರ ಅಂಗೈಯಲ್ಲಿ ಕಣ್ಣೊರೆಸಿಕೊಂಡ. "ನಿನ್ನೆಯಿಂದ ಅದೇ ಯೋಚನೆ. ಇಷ್ಟು ವರ್ಷ ನನ್ನ ಜಾಗಕ್ಕೆ ಯಾರನ್ನೂ ಬಿಡದೆ ಕಾಯ್ದ ದೇವರು ಇವನು. ಇವನ ಹತ್ರ ಬರದೆ ಹೇಗಿರ್ಲಿ?"

ಗಂಟೆ ಹೊಡೆಯಿತು. ಪಾದ್ರಿಗಳು ಕೈಯೆತ್ತಿ, "ಕರ್ತನು ಎದ್ದಿದ್ದಾನೆ!" ಎಂದರು. "ನಿಜವಾಗಿಯೂ ಎದ್ದಿದ್ದಾನೆ!" ಎಂದ ಜನರ ದನಿಯಲ್ಲಿ ದೊಡ್ಡಿಯದೇ ಎಲ್ಲರಿಗಿಂತ ಮೇಲೆ ಕೇಳಿಸಿತು. ಗಂಡಸರ ಕಡೆ ನಿಂತೇ ಕೂಗಿದ್ದಳು. ಗುರುವಪ್ಪನೂ ಗದರಲಿಲ್ಲ, ಅವನ ಕನ್ನಡಕ ಮಂಜಾಗಿತ್ತು.

ಬೀರ ಅವಳ ಕೈಯ ಹೂವಿನ ಟೊಂಗೆ ತೆಗೆದುಕೊಂಡು, ಪಕ್ಕದವನನ್ನು ಸ್ವಲ್ಪ ಆಚೆ ಸರಿಸಿ, ಸಂದಿಯಲ್ಲಿ ಇಟ್ಟ.

"ಅಯ್ಯೋ, ಇದು ಯಾರಿಗಪ್ಪ?" ಅಂದ ಗುರುವಪ್ಪ. ಹೊರಗೆ ಇನ್ನೂ ಇಪ್ಪತ್ತು ಜನ ನಿಂತಿದ್ದರು.

"ಕೆಂಪಣ್ಣನಿಗೆ. ಬೆಳಗ್ಗೆ ಎದ್ದು ಹೋಗಿ ಇಸ್ಕೊಂಡು ಬಂದ ಈ ಅಂಗಿ ಅವನದೇ," ಅಂದ ಬೀರ. "ಬರೋವರೆಗೂ ಕಾಯ್ತೀನಿ, ಅವಸರ ಇಲ್ಲ."

ದೊಡ್ಡಿ ಹೆಂಗಸರ ಕಡೆಗೆ ಬಂದು ತನ್ನ ಜಾಗದಲ್ಲಿ ನಿಂತು ಹಾಡಿಗೆ ದನಿಗೂಡಿಸಿದಳು. ಹಾಡುತ್ತಲೇ, ಎಂದಿನ ಹಾಗೆ, ಒಂದು ಕಣ್ಣನ್ನು ಬಾಗಿಲ ಮೇಲಿಟ್ಟಳು. ಇನ್ನು ಕೆಂಪಣ್ಣ ಬರಬೇಕಿತ್ತು.